ಹಿಂದ್ರೆಕನ ನೆಟ್ಟಗಿನ ಸಾಲು

ಹಿಂದ್ರೆಕನ ಆಲೂಗಡ್ಡೆ ಹೊಲದ ನಟ್ಟನಡುವೆ ಒಂದು ಬಂಡೆ, ಮೆಲುಕು ಹಾಕುತ್ತ ಮಲಗಿದ ಹಸುವಿನಂತೆ ಬಿದ್ದಿತ್ತು. ಒಂದು ಕಾಲಕ್ಕೆ ಎಸ್ಟೋನಿಯಾದ ಮೇಲೆಲ್ಲ ಹಾಸಿದ್ದ ಹಿಮ, ಅದನ್ನು ಉತ್ತರದಿಂದ ಹೊತ್ತು ತಂದು ಬಿಟ್ಟು ಕರಗಿಹೋಯಿತೆಂದು ಶಾಲೆಯ ಮೇಷ್ಟ್ರು ಹೇಳುತ್ತಿದ್ದರು. ತಂದದ್ದು ಸರಿ, ವಾಪಸು ಒಯ್ಯುವುದಕ್ಕೇನಾಗಿತ್ತು ಎಂಬುದು ಹಿಂದ್ರೆಕನ ತಕರಾರು. ಅಜ್ಜ, ಅಪ್ಪ ಅದಕ್ಕೆ ಸುತ್ತು ಹಾಕಿಕೊಂಡೇ ಉತ್ತಿದ್ದರು. ಮೂವತ್ತು ವರ್ಷದಿಂದ ಅವನೂ.

ಅವನ ಸಾಲುಗಳು ಕುಡಿದವನ ನಡಿಗೆಯ ಹಾಗಿವೆ ಎಂದು ಇಗರ್ಜಿಯ ಮುಂದೆ ನೆರೆಮನೆಯ ಕಾರೆಲ್ ನಕ್ಕದ್ದೇ ಎಲ್ಲಕ್ಕೂ ಮೂಲ. ಹಿಂದ್ರೆಕ್ ಕೆರಳಿ ಪಂಥ ಕಟ್ಟಿದ. ಶನಿವಾರ ಸಂಜೆಯೊಳಗೆ ನೆಟ್ಟಗಿನ ಒಂದು ಸಾಲು ಹೊಡೆಯದಿದ್ದರೆ, ಬೇಸಿಗೆಯಿಡೀ ಕಾರೆಲ್‌ನ ಉಗಿಸ್ನಾನದ ಗುಡಿಸಲಿಗೆ ತಾನೇ ಕಟ್ಟಿಗೆ ಒಡೆದು ಒಲೆ ಹಚ್ಚುವುದು. ಹೊಡೆದರೆ ಆ ಚಾಕರಿ ಕಾರೆಲ್‌ನದು.

ಶನಿವಾರ ಬೆಳಿಗ್ಗೆ ಬಂಡೆ ತೆಗೆಯಲು ಊರು ಮುಯ್ಯಾಳಿಗೆ ಬಂತು. ನಮ್ಮ ಕಡೆ ಅಂಥ ಬಂಡೆಯನ್ನು ಎಳೆಯುವುದಿಲ್ಲ; ಪಕ್ಕದಲ್ಲಿ ಗುಂಡಿ ತೋಡಿ, ಉರುಳಿಸಿ, ಹೂಳುತ್ತೇವೆ. ತೋಡುವವರಿಗಿಂತ ಸಲಹೆ ಕೊಡುವವರೇ ಹೆಚ್ಚಾಗಿದ್ದರು. ಗುಂಡಿ ಆ ಕಡೆ ಇರಬೇಕಿತ್ತು ಎಂದು ಕೆಲವರು ಮಧ್ಯಾಹ್ನದವರೆಗೂ ವಾದಿಸಿದರು. ಸನ್ನೆಗೋಲು ಮುರಿಯಿತು. ಬಂಡೆಗಿಂತ ಮೊದಲು ಹಿಂದ್ರೆಕನೇ ಗುಂಡಿಗೆ ಬಿದ್ದ. ಅವನನ್ನು ಮೇಲೆತ್ತಿ, ರೈ ರೊಟ್ಟಿ, ಉಪ್ಪುಮೀನು, ಬಿಯರು ಮುಗಿಸಿ, ಮತ್ತೆ ಎಲ್ಲರೂ ಹೆಗಲು ಕೊಟ್ಟಾಗ ಬಂಡೆ ನಿಟ್ಟುಸಿರು ಬಿಟ್ಟಂತೆ ಒಳಗೆ ಜಾರಿತು. ಮಣ್ಣು ಮುಚ್ಚಿದರು. ಹೊಲ ಮೇಜಿನಂತೆ ಸಮವಾಯಿತು.

ಕಾರೆಲ್ ಮಾತ್ರ ಪೈಪು ಸೇದುತ್ತ, "ಕಲ್ಲೇನೋ ಹೋಯ್ತು ಕಣೋ. ನಿನ್ನ ಮುದಿ ಕುದುರೆಗೆ ಹೇಳಿದ್ಯಾ? ಅದು ರೂಢಿ ಮೇಲೆ ಅಲ್ಲಿ ಸುತ್ತು ಹಾಕೇ ಹಾಕುತ್ತೆ," ಎಂದ.

"ಹಂಗಾದ್ರೆ ನಿನ್ ಕುದುರೇನೇ ಕೊಡು. ಅದು ಈ ಹೊಲಾನೇ ಕಂಡಿಲ್ವಲ್ಲ."

ಜನ ನಕ್ಕರು. ಕುದುರೆ ಬಂತು.

ಲಗಾಮು ಹೆಗಲಿಗೆ ಸುತ್ತಿಕೊಂಡು, ನೇಗಿಲು ಒತ್ತಿ ಹಿಂದ್ರೆಕ್ ಹೊರಟ. ಹಿಂದಿರುಗಿ ನೋಡಿದರೆ ಸಾಲು ಕೆಡುತ್ತದೆಂದು ನೋಡಲಿಲ್ಲ. ಅಜ್ಜ, ಅಪ್ಪ ಇಬ್ಬರೂ ಬದುವಿನಲ್ಲಿ ನಿಂತು ತಲೆದೂಗುತ್ತಿದ್ದಾರೆ ಅನ್ನಿಸಿತು. ಆ ತುದಿ ಮುಟ್ಟಿ, ಯುದ್ಧ ಗೆದ್ದವನಂತೆ ಟೋಪಿ ತೆಗೆದು ಬೀಸಿದ.

ಈ ತುದಿಯಲ್ಲಿ ಯಾರ ಟೋಪಿಯೂ ಮೇಲೇಳಲಿಲ್ಲ. ಹೆಂಡತಿ ಹೆಲ್ಮಿ ಹೊಲ ದಾಟಿ ಅವನ ಬಳಿಗೆ ನಡೆದುಬಂದಳು.

"ಕುದುರೇದೇನೂ ತಪ್ಪಿಲ್ಲ," ಎಂದಳು. "ಅದು ನೆಟ್ಟಗೇ ಹೊರಟಿತ್ತು. ಲಗಾಮು ಎಳೆದೋನು ನೀನು."

ಹಿಂದ್ರೆಕ್ ತಿರುಗಿ ನೋಡಿದ. ನಡುಹೊಲದವರೆಗೆ ದಾರ ಹಿಡಿದಂತೆ ಬಂದ ಸಾಲು, ಇಲ್ಲದ ಬಂಡೆಗೆ ದುಂಡಗೆ ಒಂದು ಸುತ್ತು ಬಳಸಿ, ಮತ್ತೆ ದಾರ ಹಿಡಿದಂತೆ ಅವನ ಕಾಲಬುಡಕ್ಕೆ ಬಂದಿತ್ತು.

ಟೋಪಿ ತಲೆಗಿಟ್ಟುಕೊಂಡ.

"ಕಲ್ಲಿದ್ದಾಗಲೂ ಇಷ್ಟು ಚೊಕ್ಕ ಸುತ್ತು ಬಂದಿರಲಿಲ್ಲ ಕಣೇ," ಎಂದ. ಆಮೇಲೆ, ಕಾರೆಲ್ ಕೊಡಲಿ ಎಲ್ಲಿಡುತ್ತಾನೆ ಎಂದು ಕೇಳಿದ.