ಓಬುಳಪತಿಯ ಎಣ್ಣೆ ನೀತಿ

ರಿಸರ್ವ್ ಬ್ಯಾಂಕು ಬಡ್ಡಿ ಏರಿಸಿದ ಮರುದಿನ, 2008ರ ಜುಲೈ ಕೊನೆಯಲ್ಲಿ, ಆಂಧ್ರದ ಗಡಿಯ ಕಲ್ಯಾಣದುರ್ಗದ ಎಣ್ಣೆ ವ್ಯಾಪಾರಿ ಓಬುಳಪತಿ ಪಕ್ಕದ ಸೈಕಲ್ ಷಾಪಿನ ಕದಿರಪ್ಪನನ್ನು ಒಂದು ಪ್ರಶ್ನೆ ಕೇಳಿದ್ದೇ ತಪ್ಪಾಯಿತು.

"ಬೆಲೆ ಇಳ್ಸಾಕೆ ಬಡ್ಡಿ ಯಾಕಣ್ಣ ಏರಿಸ್ತಾರೆ?"

"ಬಡ್ಡಿ ಏರಿದ್ರೆ ಸಾಲ ತಗಳೋರು ಕಮ್ಮಿ, ಕೊಳ್ಳೋರು ಕಮ್ಮಿ. ಬೆಲೆ ತಣ್ಣಗಾಯ್ತದೆ," ಎಂದ ಕದಿರಪ್ಪ, ಪೇಪರ್ ಮಡಿಸುತ್ತ. "ಆದ್ರೆ ಅಸ್ಲು ಗುಟ್ಟು ಬೇರೆ ಕಣಪ್ಪ. ಬ್ಯಾಂಕು ಬೆಲೆ ಏರಾಕೆ ಬಿಡಲ್ಲ ಅಂತ ಜನ ನಂಬ್ಬೇಕು. ನಂಬಿದ್ರೆ ಯಾರೂ ಮುಂಚೇನೇ ಕೊಂಡು ತುಂಬ್ಕಳಲ್ಲ."

ಓಬುಳಪತಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕೆನಿಸಿತು. ಗಿರಾಕಿಗಳು ಬಸ್ ನಿಲ್ದಾಣದ ಹೊಸ ಅಂಗಡಿಗೆ ಜಾರುತ್ತಿದ್ದರು. ಹೀಗೇ ಆದರೆ ತನ್ನ ಅಂಗಡಿಗೆ ಬೀಗವೇ ಗತಿ. ಬಾಗಿಲಲ್ಲಿ ನಿಂತು ಕೂಗಿದ: "ದಸರಾವರೆಗೂ ನನ್ನ ಕಡಲೆಕಾಯಿ ಎಣ್ಣೆ ಬೆಲೆ ಏರಲ್ಲ!"

ಕ್ಯಾನು ಹಿಡಿದು ಬಂದಿದ್ದ ಗೌರಕ್ಕ ಅನುಮಾನದಿಂದ ನೋಡಿದಳು. "ಯಾರೂ ಕೇಳ್ದೆ ಯಾಕ್ಲಾ ಹೇಳ್ತೀಯ? ನಾಳೇನೇ ಏರಿಸ್ತೀಯ ಅಲ್ವಾ?"

ಒಂದರ ಬದಲು ನಾಲ್ಕು ಕ್ಯಾನು ತುಂಬಿಸಿಕೊಂಡಳು. ಸುದ್ದಿ ಹಬ್ಬಿತು. ಮಧ್ಯಾಹ್ನಕ್ಕೆ ಕೊಡ, ಬಕೆಟ್ಟು, ಮಗುವಿನ ಹಾಲಿನ ಬಾಟಲಿ ಕೂಡ ಸಾಲಿನಲ್ಲಿದ್ದವು.

ಡ್ರಮ್ಮಿನ ತಳ ಕಂಡಾಗ ಓಬುಳಪತಿಯ ತಲೆ ಗಾಣದಂತೆ ತಿರುಗಿತು. ಇಷ್ಟು ಜನ ಹೆದರಿದ್ದಾರೆಂದರೆ ಬೆಲೆ ಏರುವುದು ನಿಜವೇ ಇರಬೇಕು! ಒಳಗೆ ಹೋಗಿ ಹಿಂದೂಪುರದ ಸಗಟು ವ್ಯಾಪಾರಿಗೆ ಫೋನು ಮಾಡಿದ. ತಾನು ಮಾರುವ ಬೆಲೆಗಿಂತ ಹೆಚ್ಚು ಕೊಡಲೊಪ್ಪಿ ಹತ್ತು ಡ್ರಮ್ಮು ಕಳಿಸಲು ಹೇಳಿದ.

ಹೊರಗೆ ಕೂಗಾಟ: "ಎಣ್ಣೆ ಬಚ್ಚಿಟ್ಬುಟ್ಟವ್ನೆ!"

ಕದಿರಪ್ಪ ಕಿವಿಯಲ್ಲಿ ಉಸುರಿದ: "ಬಾಯಿ ಮಾತು ನಂಬಲ್ಲ ಇವ್ರು. ಕರ್ಪೂರ ಆರ್ಸು."

ಎದುರಿನ ಆಂಜನೇಯನ ಗುಡಿ ಮುಂದೆ ಓಬುಳಪತಿ ಕರ್ಪೂರ ಹಚ್ಚಿದ. ಬೆಲೆ ಏರಿಸುವುದಿಲ್ಲವೆಂದು ಆಣೆಯಿಟ್ಟು ಅಂಗೈಯಿಂದ ಬಡಿದು ಆರಿಸಿದ. ಕೈ ಸುಟ್ಟಿತು, ಬೀದಿ ತಣ್ಣಗಾಯಿತು. ಕರ್ಪೂರ ಆರಿಸಿದವನು ಮಾತು ತಪ್ಪುವುದುಂಟೇ? ಜನ ಸಮಾಧಾನದಿಂದ ಚದುರಿದರು.

ಸಂಜೆ ಗೌರಕ್ಕ ತುಂಬಿದ ಕ್ಯಾನುಗಳೊಂದಿಗೆ ಮತ್ತೆ ಬಂದಳು. ಅವಳ ಹಿಂದೆ ಇಡೀ ಬೀದಿ.

"ಬೆಲೆ ಏರಲ್ಲ ಅಂದ್ಮ್ಯಾಕೆ ಇಷ್ಟೆಲ್ಲ ನಂಗ್ಯಾಕಪ್ಪ? ವಾಪಸ್ ತಗಾ. ಬೇಕಾದಾಗ ಬತ್ತೀನಿ."

ಓಬುಳಪತಿ ಬಾಯಿ ತೆರೆಯುವಷ್ಟರಲ್ಲಿ ಲಾರಿಯೊಂದು ಬಂದು ನಿಂತಿತು. ಡ್ರಮ್ಮು ಎಲ್ಲಿ ಇಳಿಸಲೆಂದು ಡ್ರೈವರ್ ತಲೆ ಹೊರಹಾಕಿ ತೆಲುಗಿನಲ್ಲಿ ಕೇಳಿದ: "ಅನ್ನಾ, ಹಿಂದೂಪುರಂ ಡ್ರಮ್ಮುಲು! ಎಕ್ಕಡ ದಿಂಚಾಲಿ?"

ಕದಿರಪ್ಪ ಲಾರಿಯನ್ನೂ ಓಬುಳಪತಿಯನ್ನೂ ಬೆರಗಿನಿಂದ ನೋಡಿದ.

"ಊರೆಲ್ಲ ನಿನ್ನ ಮಾತು ನಂಬ್ತಲ್ಲಪ್ಪ! ನಂಬ್ದೆ ಇಷ್ಟೊಂದು ಕೊಂಡು ತುಂಬ್ಕಂಡೋನು ಯಾವನ್ಲಾ ಅವ್ನು?"