ಪುರಾಣದ ಗದ್ದುಗೆಯ ಮೇಲೆ ಚಂಡಮಾರುತ

ಶಿವನನ್ನು ನಂಬಿದವರಿಗೆ ಕೇಡಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಗೆಪಾಟಲಿಲ್ಲ ಎಂದು ಮಾತ್ರ ಯಾರೂ ಹೇಳಿದ್ದು ನಾನು ಕೇಳಿಲ್ಲ. ನನ್ನ ಪಾಲಿಗೆ ಅದು ಕಾರಹುಣ್ಣಿಮೆಯಂತೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಎಪ್ಪತ್ತರ ದಶಕದ ಒಂದು ವರ್ಷವಂತೂ ಯುಗಾದಿಯಿಂದ ಶ್ರಾವಣದವರೆಗೆ ನಾಲ್ಕು ತಾಲೂಕಿನಲ್ಲಿ ಬೆನ್ನು ಹತ್ತಿ ಬಂತು. ಎಲ್ಲದಕ್ಕೂ ಕಾರಣ ಒಂದು ಪುಸ್ತಕ. ಪುಸ್ತಕದ ತಪ್ಪಲ್ಲ, ಓದಿದವನ ತಪ್ಪು. ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಬಾಗೇವಾಡಿ ಕಡೆಯ ನಮ್ಮೂರಿನ ಮಠದಲ್ಲಿ ಪ್ರತಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ಸಂಜೆ ಊರು ಕೂಡುತ್ತದೆ. ಗದ್ದುಗೆಯ ಮೇಲೆ ಕೂತವನು ಶರಣರ ಕಥೆಯ ಪದ್ಯ ಓದಿ ಅರ್ಥ ಬಿಡಿಸಿ ಹೇಳಬೇಕು. ಇಪ್ಪತ್ತು ವರ್ಷ ಅಲ್ಲಿ ಕೂತವರು ನಮ್ಮ ಅಪ್ಪ. ಅವರು ಲಿಂಗೈಕ್ಯರಾದ ಮೇಲೆ ಮಠದ ಸ್ವಾಮಿಗಳಾದ ಅಜ್ಜಾರು ಹೇಳಿಕಳಿಸಿದರು: "ಈ ಸಲ ಅವರ ಮಗ ಮಾಸ್ತರ ಓದಲಿ. ಒಪ್ಪಿಗಿ ಆದ್ರ ಗದ್ದಿಗಿ ಅವನದ. ಇಲ್ಲಂದ್ರ ಬ್ಯಾರೆ ಊರವರನ್ನ ಕರಸೂಣು." ಅವ್ವನಿಗೆ ಅಂದಿನಿಂದ ಬೇರೆ ಮಾತೇ ಇಲ್ಲ. "ನಿಮ್ಮಪ್ಪ ಕುಂತಲ್ಲಿ ನೀ ಕುಂತದ್ದು ನೋಡಿ ಕಣ್ಣು ಮುಚ್ಚತೇನಿ," ಎನ್ನುವಳು. ತಯಾರಿಗೆ ನನಗೆ ನಾಲ್ಕು ತಿಂಗಳಿತ್ತು.

೧. ಇಂಡಿಯಲ್ಲಿ ನನ್ನ ಪೂಜೆ

ಆಗ ನಾನು ಇಂಡಿಯಲ್ಲಿ ಸಾಲಿ ಮಾಸ್ತರ. ಪುರಾಣದ ಪದ್ಯಗಳಿಗೆ ಅರ್ಥ ಬಿಡಿಸುವ ಟೀಕೆಯ ಪುಸ್ತಕ ಬೇಕೆಂದು ವಾಚನಾಲಯಕ್ಕೆ ಹೋದೆ. ಅಲ್ಲಿಯವರು ಕಪಾಟು ತಡಕಿ, "ಅದನ್ನ ಯಾರೋ ಒಯ್ದಾರ್ರಿ. ಇದು ನೋಡ್ರಿ, ಬಂದಾಗಿಂದ ಯಾರೂ ಮುಟ್ಟಿಲ್ಲ," ಎಂದು ಹೊದಿಕೆ ಹರಿದ ಪುಸ್ತಕವೊಂದನ್ನು ಕೈಗಿಟ್ಟರು. ನಮ್ಮ ನಿಮ್ಮಂಥವರೂ ಓದಲಿ ಎಂದು ಕಥೆಯ ಹಾಗೆ ಬರೆದ ಇತಿಹಾಸ. ಅಮೆರಿಕದಲ್ಲಿ ಸಮುದ್ರದ ದಂಡೆಯ ಒಂದು ಊರಿಗೆ ಚಂಡಮಾರುತ ಬಡಿದು, ಬೆಳಗಾಗುವುದರೊಳಗೆ ಊರು ಹೋದ ಸಂಗತಿ. ಬರಿಗೈಲಿ ಹೋಗಬಾರದೆಂದು ತಂದೆ.

ಮೊದಲ ಹಾಳೆಯಲ್ಲಿ ಗಾಳಿಯ ಒತ್ತಡ ಅಳೆಯುವ ಕೊಳವೆಯಲ್ಲಿ ಪಾದರಸ ಇಳಿಯಿತು, ಬಿರುಗಾಳಿಯ ಸೂಚನೆ. ಎರಡನೆಯದರಲ್ಲಿ ಜನ ದೊಡ್ಡ ತೆರೆ ನೋಡಲು ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೊರಟರು. ಅಲ್ಲಿಂದ ಪುಸ್ತಕ ನನ್ನನ್ನು ಬಿಡಲಿಲ್ಲ. ಸಾಲಿ, ಟ್ಯೂಷನ್ನು, ಸಂತೆ ಕಳೆದರೆ ನನ್ನದೆಂಬ ಹೊತ್ತು ಮುಂಜಾನೆಯ ಪೂಜೆಯದೊಂದೇ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಎಡ ಅಂಗೈಯಲ್ಲಿ ಲಿಂಗ, ಎದುರಿಗೆ ಆರತಿ ತಟ್ಟೆಗೆ ಒರಗಿಸಿದ ಪುಸ್ತಕ. ಹತ್ತು ನಿಮಿಷದ ಪೂಜೆ ಒಂದು ತಾಸಾಯಿತು.

ಬಾಗಿಲ ಸಂದಿಯಿಂದ ಇಣುಕಿದ ಅವ್ವ ನನ್ನ ಹೆಂಡತಿಗೆ ಹೇಳುತ್ತಿದ್ದಳು: "ನೋಡವಾ, ಕಣ್ಣಾಗ ನೀರು. ನನ್ನ ಮಗಗ ಶಿವ ಕಾಣಾಕತ್ತಾನ."

ಕಸ ಹೊಡೆಯಲು ದೇವರ ಕೋಣೆಗೆ ಹೋದ ಹೆಂಡತಿ ಮಣೆಯ ಕೆಳಗಿನ ಪುಸ್ತಕ ತೆಗೆದು ಹಾಳೆ ತಿರುವಿದಳು. ಹಾಳೆಗೊಂದರಂತೆ ನನ್ನ ಹೆಬ್ಬೆಟ್ಟಿನ ವಿಭೂತಿ ಗುರುತು.

"ಅಲ್ರೀ," ಎಂದಳು, "ನಿಮ್ಮ ಹಣಿಮ್ಯಾಲ ಮೂರ ಪಟ್ಟಿ ಅದಾವ. ಇದಕ್ಕ ಇನ್ನೂರಾ ಮೂವತ್ತು ಹಚ್ಚೀರಲ್ಲ."

೨. ಸಿಂದಗಿಯ ಸಾವಿನ ಮನೆ

ಅದೇ ವಾರ ಸಿಂದಗಿಯಲ್ಲಿ ದೂರದ ಸಂಬಂಧಿಕರೊಬ್ಬರು ತೀರಿಕೊಂಡರು. ತೊಂಬತ್ತು ದಾಟಿದ ಹಿರಿಯರು. ನಾನು ಅವರನ್ನು ಕಂಡದ್ದು ಬಹುಶಃ ಒಂದು ಸಲ, ಅದೂ ಪಂಕ್ತಿಯಲ್ಲಿ. ಬಸ್ಸಿನಲ್ಲಿ ಓದುತ್ತ ಹೋದೆ. ಇಳಿಯುವ ಹೊತ್ತಿಗೆ ಪುಸ್ತಕದಲ್ಲಿ ಒಬ್ಬ ತಾಯಿ ತನ್ನ ಕೂಸನ್ನು ಮರದ ತೊಟ್ಟಿಯಲ್ಲಿ ಮಲಗಿಸಿ, ತನ್ನ ಶಾಲಿನಿಂದ ಬಿಗಿದು, ನೀರಿಗೆ ಬಿಡುವುದರಲ್ಲಿದ್ದಳು. ಕಂಡಕ್ಟರ್ ಇಳಿಯಿರಿ ಎಂದ. ಇಳಿದೆ.

ಹಂದರದ ಕೆಳಗೆ ಹೆಣವನ್ನು ಕೂಡ್ರಿಸಿದ್ದರು. ಭಜನೆ ನಡೆದಿತ್ತು. ಮನೆಯವರು ಸಮಾಧಾನದಿಂದಲೇ ಇದ್ದರು. "ಹಣ್ಣಾಗಿ ಉದುರ್ಯಾರ, ದುಃಖ ಯಾಕ," ಎಂದು ಚಹಾ ಹಂಚುತ್ತಿದ್ದರು. ನಾನು ಮೂಲೆಯಲ್ಲಿ ಕೂತು, ಒಂದೇ ಹಾಳೆ ಎಂದುಕೊಂಡು, ಧೋತರದ ಮಡಿಕೆಯಲ್ಲಿ ಪುಸ್ತಕ ತೆರೆದೆ. ತಾಯಿ ಕೈ ಬಿಟ್ಟಳು. ತೊಟ್ಟಿ ತಿರುಗುತ್ತ ಕತ್ತಲಿಗೆ ಹೋಯಿತು. ನನಗೆ ತಡೆಯಲಾಗಲಿಲ್ಲ. ಬಿಕ್ಕಿಬಿಕ್ಕಿ ಅತ್ತೆ.

ಭಜನೆ ನಿಂತಿತು. ತೀರಿಕೊಂಡವರ ಹಿರಿಯ ಮಗ ಓಡಿಬಂದು ನನ್ನ ಭುಜ ಹಿಡಿದರು. "ಮಾಸ್ತರ, ಸಮಾಧಾನ ಮಾಡ್ಕೋರಿ. ನಮ್ಮಪ್ಪಗ ನಿಮ್ಮ ಮ್ಯಾಲ ಇಷ್ಟು ಜೀವ ಇತ್ತಂತ ನಮಗ ಗೊತ್ತಿರಲಿಲ್ಲ." ಆಮೇಲೆ ತಮ್ಮನ ಕಡೆ ತಿರುಗಿ, "ನೋಡು, ಹೊರಗಿನವರು ಹಿಂಗ ಅಳಾಕತ್ತಾರ. ನೀ ಎರಡನೇ ಕಪ್ಪು ಚಹಾ ಕುಡ್ಯಾಕತ್ತೀ," ಎಂದರು. ತಮ್ಮನಾದವನು ಕಪ್ಪು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದ. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮನೆಯವರು ನೆನಪಿಗಿರಲೆಂದು ಆ ಹಿರಿಯರ ರೇಷ್ಮೆ ರುಮಾಲು ತಂದು ನನ್ನ ತಲೆಗೇ ಸುತ್ತಿಬಿಟ್ಟರು. ಅದನ್ನು ಸುತ್ತಿಕೊಂಡು ಇಂಡಿಗೆ ಬರುವಾಗ ತಲೆಯ ಮೇಲೆ ಬಂಡೆ ಹೊತ್ತಂತಿತ್ತು.

ಎಂಟು ದಿನಕ್ಕೆ ಅವರ ಬೀಗರ ಕಡೆಯ ಮನುಷ್ಯ ಬಂದ. "ನಮ್ಮ ಮನ್ಯಾಗೂ ಹಿರ್ಯಾರು ಹೋಗ್ಯಾರ್ರಿ. ಯಾರಿಗೂ ಅಳು ಬರವಲ್ದು. ಮಾಸ್ತರನ್ನ ಕರಕೊಂಡು ಬಾ ಅಂದಾರ."

೩. ಮುದ್ದೇಬಿಹಾಳದ ಅಡ್ಡಮಳೆ

ಬೇಸಿಗೆಯ ಸೂಟಿಯಲ್ಲಿ ಮುದ್ದೇಬಿಹಾಳ ತಾಲೂಕಿನ ಮಾವನ ಮನೆಗೆ ಹೋದೆವು. ಅಪ್ಪ ಓದುತ್ತಿದ್ದ ಪುರಾಣದ ಗಂಟೂ ಜೊತೆಗಿತ್ತು. ಅದರ ಗಂಟು ಬಿಚ್ಚಿರಲಿಲ್ಲ ಅಷ್ಟೆ.

ಮಾವನವರು ಓದು ಬಾರದ ರೈತರು. ಕೇಳುವುದರಲ್ಲಿ ಮಾತ್ರ ಅವರಂಥವರಿಲ್ಲ. ಕಟ್ಟೆಯ ಮೇಲೆ ಕೂತು ಚಂಡಮಾರುತದ ಪುಸ್ತಕವನ್ನು ನನ್ನಿಂದ ದಿನಾ ಒಂದಿಷ್ಟು ಓದಿಸಿ ಕೇಳುತ್ತಿದ್ದರು. "ಸಮುದ್ರ ಅಂದ್ರ ಎಷ್ಟು ದೊಡ್ಡದು?" ಎಂದರು. "ಕೊಲ್ಹಾರದ ಹತ್ರ ಕೃಷ್ಣಾ ಹೊಳಿ ನೋಡೀರಲ್ಲ, ಅದಕ್ಕ ಆಚೀ ದಂಡಿ ಇರಲಾರದಂಗ," ಎಂದೆ. ಮಾವನವರು, "ಹಂಗಾರ ನಾವು ಹೋಗೂದು ಬ್ಯಾಡ," ಎಂದರು.

ಒಂದು ದಿನ ಓದಿದೆ: ನೀರು ಏರಿದಾಗ ಬುದ್ಧಿವಂತರು ಕೊಡಲಿಯಿಂದ ತಮ್ಮ ಮನೆಯ ನೆಲವನ್ನು ತಾವೇ ಒಡೆದರು. ಹೊರಗಿನ ನೀರು ಒಳಗೆ ಬಂದು, ಆ ಭಾರಕ್ಕೆ ಮನೆಗಳು ತೇಲದೆ ನಿಂತವು. ಒಡೆಯದವರ ಮನೆಗಳು ತೇಲಿ ಹೋದವು.

"ಶಹಾಣೆ ಮಂದಿ," ಎಂದರು ಮಾವ. ಆ ಮನೆಗಳು ಹಗುರಾದ ಹಲಗೆಯವು ಎಂದು ನಾನು ಹೇಳಬೇಕಿತ್ತು. ಊಟಕ್ಕೆ ಕರೆದರು, ಎದ್ದು ಹೋದೆ.

ಮೂರನೆಯ ದಿನ ಮಧ್ಯಾಹ್ನ ಅಕಾಲದ ಅಡ್ಡಮಳೆ. ಮುಗಿಲು ಕರ್ರಗಾಗಿ, ಗಾಳಿ ಎದ್ದು, ಓಣಿಯ ತುಂಬ ಕೆಂಪು ನೀರು. ಪ್ರತಿ ಮಳೆಗೂ ಮಾಡುವಂತೆ ಅತ್ತೆ ಹೊಸ್ತಿಲಿಗೆ ಮಣ್ಣಿನ ಒಡ್ಡು ಹಾಕಿದರು. ನಾನೂ ಹೆಂಡತಿಯೂ ಮಾಳಿಗೆ ಸೋರುವಲ್ಲಿ ಪಾತ್ರೆ ಇಡುತ್ತಿದ್ದೆವು. ತಲಬಾಗಿಲ ಕಡೆ ಧಡಧಡ ಸದ್ದು. ಬಂದು ನೋಡಿದರೆ ಮಾವನವರು ಹಾರೆಯಿಂದ ಒಡ್ಡನ್ನೂ ಹೊಸ್ತಿಲನ್ನೂ ಕಿತ್ತು, ಮೊಳಕಾಲು ನೀರಿನಲ್ಲಿ ನಿಂತು, ಓಣಿಯ ನೀರನ್ನು ಒಳಗೆ ಬರಮಾಡಿಕೊಳ್ಳುತ್ತಿದ್ದಾರೆ. ಗೋಡೆ ಒಂದೂವರೆ ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಆನೆ ಎಳೆದರೂ ಅಲುಗದ ಮನೆ. ನೀರು ಪಡಸಾಲೆ ದಾಟಿ, ಜೋಳ ತುಂಬಿ ನೆಲದೊಳಗೆ ಮುಚ್ಚಿಟ್ಟ ಹಗೇವಿನ ಬಾಯಿಗೆ ಇಳಿಯಿತು.

ಮಳೆ ನಿಂತ ಮೇಲೆ ಅತ್ತೆ ತೊಯ್ದ ಜೋಳ ತೋಡಿ ಮಾಳಿಗೆಗೆ ಹೊರತೊಡಗಿದರು. ನಾನೂ ಬುಟ್ಟಿ ಹಿಡಿದೆ. ಅವರ ಮುಖ ನೋಡಲಾಗಲಿಲ್ಲ. "ತಪ್ಪು ನಂದ್ರಿ ಅತ್ತಿ," ಎಂದೆ. ಮಾವನವರು ಕೆಸರಿನಲ್ಲೇ ನಿಂತು ಗೋಡೆಗೆ ಕೈ ಒತ್ತಿ ಒತ್ತಿ ನೋಡಿ, ಸಮಾಧಾನದಿಂದ ಹೇಳಿದರು:

"ಅಳಿಯಾರಿಗೆ ಯಾರೂ ಏನೂ ಅನಬ್ಯಾಡ್ರಿ. ಏನ ಆಗಲಿ, ಮನಿ ತೇಲಲಿಲ್ಲ."

೪. ಗದ್ದುಗೆ

ಶ್ರಾವಣ ಬಂತು. ರಜೆ ಹಾಕಿ ಅವ್ವನನ್ನು ಕರೆದುಕೊಂಡು ಊರಿಗೆ ಹೋದೆ. ಮೊದಲ ನಾಲ್ಕು ಸಂಜೆ ಅಪ್ಪನಿಂದ ಚಿಕ್ಕಂದಿನಲ್ಲಿ ಕೇಳಿದ ನೆನಪೇ ಕೈ ಹಿಡಿಯಿತು. ಐದನೆಯ ಸಂಜೆ ಪದ್ಯ ಓದಿದೆ, ಅರ್ಥ ಹೊಳೆಯಲಿಲ್ಲ. ಎದುರಿಗೆ ಊರು. ಗಂಡಸರ ಮುಂದೆ ಕೆಂಪು ರುಮಾಲಿನ ಗೌಡರು. ಅಪ್ಪನ ಓದಿನಲ್ಲೂ ತಪ್ಪು ಹಿಡಿಯುತ್ತಿದ್ದವರು. ಹೆಂಗಸರ ಮುಂದೆ ಅವ್ವ. ಅಜ್ಜಾರು ಕಣ್ಣು ಮುಚ್ಚಿ ಕೂತಿದ್ದಾರೆ. ಪದ್ಯದಲ್ಲಿ 'ಕಡಲು' ಎಂಬ ಮಾತೊಂದಿತ್ತು. ಶಿವನೇ ಕಾಪಾಡು ಎಂದು ಅದನ್ನೇ ಹಿಡಿದೆ.

"ಇಂಥದ್ದ ಒಂದು ಕಡಲಿನ ದಂಡಿಮ್ಯಾಲ ಒಂದು ಊರಿತ್ತು," ಎಂದು ಸುರು ಮಾಡಿದೆ.

ಅಮೆರಿಕ ಎಂಬುದನ್ನು ನುಂಗಿ ಕಡಲಪುರ ಎಂದೆ. ಆ ಊರಿನ ದೀಪಸ್ತಂಭದ ಕಾವಲುಗಾರ, ನೀರು ಏರಿದಾಗ ಬಂದವರನ್ನೆಲ್ಲ ಒಳಗೆ ಕರೆದು ಮೆಟ್ಟಿಲಿಗಿಬ್ಬರಂತೆ ಕೂಡ್ರಿಸಿದ ಪುಣ್ಯಾತ್ಮ. ಅವನನ್ನು ದೀಪಯ್ಯ ಶರಣ ಎಂದೆ. ಮಠದಲ್ಲಿ ಒಂದು ಕೆಮ್ಮು ಇಲ್ಲ. ಮರುದಿನ ಪಕ್ಕದ ಊರಿನವರೂ ಚಕ್ಕಡಿ ಕಟ್ಟಿ ಬಂದರು. ನೀರು ಏಳನೆಯ ಮೆಟ್ಟಿಲಿಗೆ ಬಂತು ಎಂದಾಗ ಹಿಂದೆ ಕೂತವರು ಕಾಲು ಮೇಲೆತ್ತಿಕೊಂಡರು. ಒಬ್ಬಾಕೆ ದೀಪಯ್ಯ ಶರಣನ ಹೆಸರಲ್ಲಿ ಕಾಯಿ ಒಡೆಸಿದಳು. ಆ ತೆಂಗಿನ ಹೋಳು ಪ್ರಸಾದವೆಂದು ನನ್ನ ಕೈಗೆ ಬಂದಾಗ ಪಕ್ಕದ ಹುಡುಗನಿಗೆ ದಾಟಿಸಿದೆ. ಆ ಸಂಜೆ ಕೂಸಿನ ತೊಟ್ಟಿ ಕತ್ತಲಿಗೆ ತೇಲಿದಲ್ಲಿಗೆ ಆರತಿ ಆಯಿತು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಸುತ್ತ ಕೇಳಿದಳು: "ನಾಳೆ ಯಾವ ಶರಣ ಬಂದು ಕಡಲು ಹಿಂದ ಸರಸ್ತಾನ? ನಿಮ್ಮಪ್ಪ ಈ ಕಥಿ ಎಂದೂ ಹೇಳಲಿಲ್ಲ ನೋಡು."

ಯಾರೂ ಬರುವುದಿಲ್ಲ. ಪುಸ್ತಕದಲ್ಲಿ ಯಾರೂ ಬರಲಿಲ್ಲ. ಬೇಕಾದರೆ ಒಬ್ಬ ಶರಣನನ್ನು ನಾನೇ ಹುಟ್ಟಿಸಬಹುದಿತ್ತು. ಅಪ್ಪ ಕೂತ ಜಾಗದಲ್ಲಿ ಕೂತು ಅಷ್ಟು ಮಾಡಲು ಮನಸ್ಸು ಒಡಂಬಡಲಿಲ್ಲ. ಮರುದಿನ ಸಂಜೆ ಗದ್ದುಗೆ ಏರದೆ ಕೆಳಗೇ ನಿಂತು ಕೈ ಜೋಡಿಸಿದೆ. "ಇದು ಪುರಾಣ ಅಲ್ರಿ. ಪರದೇಶದ ಇತಿಹಾಸ. ನಾ ಪುರಾಣ ಓದಿಕೊಂಡು ಬಂದಿಲ್ಲ. ಶಿವನ ಮುಂದ, ನಿಮ್ಮ ಮುಂದ ಸುಳ್ಳು ಹೇಳೇನಿ."

ಗೌಡರು ಎದ್ದರು. "ಶರಣರ ಗದ್ದಿಗಿಮ್ಯಾಲ ಕುಂತು ಅಮೆರಿಕಾದ ಗಾಳಿ ಊದಿದೇನೋ ತಮ್ಮಾ? ನಿಮ್ಮಪ್ಪ ಒಂದು ಅಕ್ಷರಾ ತಪ್ಪಿದ್ರ ಮೂರು ದಿನ ಉಪವಾಸ ಇರತಿದ್ದ. ಅಜ್ಜಾರ, ಗದ್ದಿಗಿ ಬ್ಯಾರೆಯವರಿಗೆ ಕೊಡ್ರಿ. ಇದು ನಮ್ಮೆಲ್ಲಾರ ಮಾತು." ಅಜ್ಜಾರು, "ಮುಂಜಾನೆ ಬಾ," ಎಂದಷ್ಟೇ ಹೇಳಿದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನನಗಿಂತ ಮುಂದೆ ನಡೆದು ಮನೆ ಸೇರಿದಳು. ನೆಲ ಬಿರಿಯಬಾರದೇ ಅನಿಸಿತು.

ಮುಂಜಾನೆ ಹೋದೆ. ಅಜ್ಜಾರ ಕೋಣೆಯ ಹೊರಗೆ ಗೌಡರು ನಾಲ್ಕು ಹಿರಿಯರೊಡನೆ ಕೂತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಅಡ್ಡ ಬಿದ್ದೆ.

"ತಪ್ಪಾಗೇತಿ," ಎಂದರು ಅಜ್ಜಾರು.

"ಹೌದ್ರಿ ಅಜ್ಜಾರ."

"ಹಿರ್ಯಾರು ಸಿಟ್ಟಿಗೆದ್ದಾರ. ಗದ್ದಿಗಿ ನಿನಗ ಬ್ಯಾಡ ಅಂತಾರ."

"ನಾ ತಕ್ಕವನಲ್ರಿ."

ಅವರು ಸ್ವಲ್ಪ ಹೊತ್ತು ಜಪಮಣಿ ಎಣಿಸಿದರು. ಬಾಗಿಲ ಕಡೆ ನೋಡಿದರು. "ಕದಾ ಮುಂದ ಮಾಡು," ಎಂದರು. ಕದ ಮುಚ್ಚಿದೆ. "ಹತ್ರ ಬಾ." ಹೋದೆ. ಬೆತ್ತ ಹುಡುಕುತ್ತಾರೇನೋ ಅಂದುಕೊಂಡೆ. ಅವರು ದನಿ ಇಳಿಸಿ ಕೇಳಿದರು:

"ಆ ಕೂಸು ಉಳೀತೇನೋ ಇಲ್ಲೋ? ನನಗ ಎರಡು ದಿನ ಆತು, ಜಪದಾಗ ಲಕ್ಷ್ಯ ಇಲ್ಲ."

ಹೇಳಿದೆ. ನೀರು ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತದ್ದು. ಬೆಳಕು ಹರಿದಾಗ ದೀಪಯ್ಯ ಕದ ತೆಗೆದರೆ ಎದುರಿಗೆ ಊರೇ ಇಲ್ಲದ್ದು. ಹೊಲದ ಬೇಲಿಗೆ ಸಿಕ್ಕ ತೊಟ್ಟಿಯಲ್ಲಿ ಕೂಸು ಜೀವಂತ ಇದ್ದದ್ದು. ಕೊನೆಯದನ್ನು ಹೇಳುವಾಗ ನನ್ನ ದನಿ ಕುಗ್ಗಿತು: ಬಿಗಿದ ಶಾಲಿನ ಗುರುತಿನಿಂದ ತಾಯಿಯನ್ನು ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ.

ಅಜ್ಜಾರು ಕಾವಿಯ ಅಂಚಿನಿಂದ ಕಣ್ಣೊರೆಸಿಕೊಂಡರು. "ಶಿವ ಬಂದಿಲ್ಲಂತ ನೀ ತಿಳಕೊಂಡಿ," ಎಂದರು. "ಮತ್ತ ಕದಾ ತೆಗದು ಆ ಮಂದೀನ ಒಳಗ ಕರದವ ಯಾರು? ಇವತ್ತು ಸಂಜಿಂದ ಪುರಾಣಾನ ಓದಬೇಕು. ಹಗಲೆಲ್ಲಾ ನನ್ನ ಮುಂದ ಕುಂತು ಅರ್ಥ ಕಲಿ. ಗದ್ದಿಗಿ ವಿಚಾರ ನಾ ಹಿರ್ಯಾರಿಗೆ ತಿಳಸಿ ಹೇಳತೇನಿ. ಅವರನ್ನ ಒಳಗ ಕರಿ."

ಕದ ಎಳೆದೆ. ಅದಕ್ಕೆ ಒರಗಿದ್ದ ಗೌಡರು ಅಜ್ಜಾರ ಪಾದದ ತನಕ ಮುಗ್ಗರಿಸಿ ಬಂದರು. ಅವರ ಹಿಂದೆ ನಾಲ್ಕು ಹಿರಿಯರು ಒಬ್ಬರ ಹೆಗಲ ಮೇಲೊಬ್ಬರು ಬಾಗಿದ್ದರು. ಎಲ್ಲರ ಹಿಂದೆ ಅವ್ವ, ಕಣ್ಣು ಕೆಂಪು.

ಗೌಡರು ರುಮಾಲು ಸರಿ ಮಾಡಿಕೊಂಡು, ನನ್ನ ಕಡೆ ತಿರುಗದೆಯೇ ಅಜ್ಜಾರಿಗೆ ಕೈ ಮುಗಿದರು.

"ಗದ್ದಿಗಿ ಮಾತು ಆಮ್ಯಾಲ ಆಗಲಿ ಅಜ್ಜಾರ. ತಾಯಿ ಏನಾದಳು ಅನ್ನೂದನ್ನ ಇವಾ ಭಾಳ ಮೆಲ್ಲಕ ಹೇಳಿದ. ಇನ್ನೊಮ್ಮೆ ಜೋರಾಗಿ ಹೇಳಂತ ಹೇಳ್ರಿ."