ಹತ್ತು ಉಗುರು, ಮೂರು ಗಂಟು

ನಾನು ಹೋದಲ್ಲೆಲ್ಲ ಜನ ಬೆಚ್ಚಿಬೀಳುತ್ತಾರೆ. ತಪ್ಪು ನನ್ನದಲ್ಲ ಅಂತ ಎಷ್ಟು ಹೇಳಿದರೂ ನಂಬುವವರಿಲ್ಲ. ಬೊಂಬಾಯಿ, ಮಸ್ಕತ್, ಸಿಂಗಪುರ ಅಂತ ಹದಿನಾಲ್ಕು ವರ್ಷ ಸುತ್ತಿ, ಹೋಟೆಲು ಪಾರ್ಲರುಗಳಲ್ಲಿ ಹೆಂಗಸರ ಉಗುರಿಗೆ ಬಣ್ಣ ಹಚ್ಚಿ ಅನ್ನ ತಿಂದವಳು ನಾನು. ಅಲ್ಲೆಲ್ಲ ಬೆರಳುದ್ದದ ಉಗುರಿಗೆ ಹುಲಿಪಟ್ಟೆ ಬರೆದರೂ ಯಾರೂ ಹುಬ್ಬೇರಿಸಿರಲಿಲ್ಲ. ನಮ್ಮ ಕೆಜಿಎಫ್‌ಗೆ ಬಂದು ಸಾಸಿವೆ ಕಾಳಿನಷ್ಟು ಒಂದು ಚುಕ್ಕಿ ಇಟ್ಟೆ ನೋಡಿ, ಎಮ್ಮೆಯಿಂದ ಹಿಡಿದು ಪೊಲೀಸಿನವರೆಗೆ ಎಲ್ಲರಿಗೂ ಗಾಬರಿ.

ಎಂಬತ್ತರ ದಶಕದ ನಡುವಿನ ಮಾತು. ಅಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಹಾಗಾಗಿ ಊರಿಗೆ ಬಂದೆ. ಮೆಟ್ಟಿಲಿಲ್ಲದ ಮನೆ ಬೇಕಿತ್ತು. ರಾಬರ್ಟ್‌ಸನ್‌ಪೇಟೆಯ ಬೀದಿಬೀದಿ ಅಲೆದ ಮೇಲೆ ಒಂದೇ ಒಂದು ಸಿಕ್ಕಿತು. ಹಿಂದಿನ ಕೋಣೆ ಅಮ್ಮನಿಗೆ, ಬೀದಿ ಕಡೆಯದು ನನ್ನ ಪಾರ್ಲರಿಗೆ, ನಡುವೆ ಒಂದು ಪರದೆ.

ಮನೆಯ ಓನರಮ್ಮ ಪಕ್ಕದಲ್ಲೇ ಇದ್ದರು. ಜಗಲಿ ಇಬ್ಬರಿಗೂ ಒಂದೇ. ಅವರ ಯಜಮಾನರು ಮೂವತ್ತು ವರ್ಷ ಚಿನ್ನದ ಗಣಿಯ ಗೇಟಿನಲ್ಲಿ ಕಾವಲಿದ್ದು, ಮೇಲೆ ಬಂದ ಕೆಲಸಗಾರರ ಕೈ, ತಲೆಗೂದಲು, ಊಟದ ಡಬ್ಬಿ ತಡಕಿ ತಡಕಿ ತೀರಿಕೊಂಡವರು. ಗಂಡನಿಂದ ಓನರಮ್ಮನಿಗೆ ಬಂದ ಆಸ್ತಿ ಎರಡು: ಈ ಮನೆ, ಮತ್ತು ಎಲ್ಲರ ಮೇಲೂ ಅನುಮಾನ.

"ನೋಡಮ್ಮಾ, ಬಣ್ಣ ಗಿಣ್ಣ ನಂಗೊತ್ತಿಲ್ಲ. ನನ್ ಬಾಗ್ಲಿಗೆ ಮೂರು ಕಂಪ್ಲೇಂಟ್ ಬಂತಾ, ನೀನು ನಿಮ್ಮಮ್ಮ ಖಾಲಿ" ಅಂದರು. ಲೆಕ್ಕಕ್ಕೆ ಸೆರಗಿನ ತುದಿ ತೋರಿಸಿದರು. ಒಂದು ಕಂಪ್ಲೇಂಟಿಗೆ ಒಂದು ಗಂಟು. "ನಂಗೆ ಬರೆಯಾಕೆ ಬರಲ್ಲ. ಮರೆಯಾಕೂ ಬರಲ್ಲ."

ನಿಜ. ದಿನಾ ಸೀರೆ ಬದಲಾಯಿಸುವಾಗ ಹೊಸ ಸೀರೆಗೆ ಗಂಟು ಹಾಕಿಕೊಂಡ ಮೇಲೆಯೇ ಹಳೆಯದರ ಗಂಟು ಬಿಚ್ಚುತ್ತಿದ್ದರು.

ಕುಂಬಳ ಬೀಜ

ಮೊದಲ ಗಿರಾಕಿ ಊರಿಗಾಂನ ಗಣಿ ಕೆಲಸಗಾರರ ಲೈನ್‌ಮನೆಯ ಒಬ್ಬ ಸೊಸೆ. ಗಂಡ ಗಣಿಯೊಳಗೆ ಇಳಿಯುವವನು. ಅವಳ ಮಾತೂ ಉದ್ದ, ಉಗುರೂ ಉದ್ದ. ನಾನು ಕೈ ಹಿಡಿದು ನೋಡಿ, "ಇದನ್ನ ಗಿಡ್ಡ ಮಾಡಿ, ಎರಡೂ ಬದಿ ಸವೆಸಿ, ಬಾದಾಮಿ ಆಕಾರ ಕೊಡ್ತೀನಿ. ಗಿಡ್ಡ ಉಗುರಿಗೆ ಅದೇ ಲಕ್ಷಣ" ಅಂದೆ.

"ಬಾದಾಮಿನಾ? ಅಕ್ಕಾ, ನಾನು ಬಾದಾಮಿ ಆಲು ಕುಡ್ದಿದೀನಿ. ಬಾದಾಮಿ ಮುಖ ನೋಡಿಲ್ಲ."

ಎದುರಿನ ಅಂಗಡಿಯಿಂದ ಒಂದನ್ನು ತಂದು ತೋರಿಸಿದೆ. ತಿಂದುಬಿಟ್ಟಳು. ಇನ್ನೊಂದು ತಂದು, ಈ ಸಲ ನನ್ನ ಬೆರಳಲ್ಲೇ ಗಟ್ಟಿಯಾಗಿ ಹಿಡಿದು ತೋರಿಸಿದೆ.

"ಇದು ಕುಂಬಳ ಬೀಜದಂಗೈತೆ. ಅಂಗೇ ಅನ್ನಬಾರ್ದಾ? ಸುಮ್ನೆ ಯಾಕೆ ಬಾದಾಮಿ ಅಂತ ಎದರಿಸ್ತೀರಾ?"

ಅಂದಿನಿಂದ ಸಿಂಗಪುರದ ಬಾದಾಮಿ ಉಗುರು ನಮ್ಮಲ್ಲಿ ಕುಂಬಳ ಬೀಜವಾಯಿತು. ಅದಕ್ಕೆ ತಕ್ಕ ಹಾಗೆ ನಾಲ್ಕು ಸುಲಭದ ಚಿತ್ರ: ಬುಡದಲ್ಲಿ ಸಾಸಿವೆ ಚುಕ್ಕಿ, ನಡುವೆ ಬಿಳಿಯ ಅಕ್ಕಿ ಕಾಳು, ಉದ್ದಕ್ಕೆ ಒಂಟಿ ಗೆರೆ, ತುದಿಯಲ್ಲಿ ತೆಳ್ಳಗೆ ಬಿದಿಗೆ ಚಂದ್ರ. ಇಷ್ಟನ್ನೂ ಹಲಗೆಯ ಮೇಲೆ ಬರೆದು ಬಾಗಿಲಿಗೆ ತಗುಲಿ ಹಾಕಿದೆ. ಮಾರನೆಯ ದಿನ ಒಬ್ಬ ಹಿರಿಯರು ಬಟ್ಟೆ ಚೀಲ ಹಿಡಿದು ಬಂದು ಕಾಲು ಕೆಜಿ ಸಾಸಿವೆ ಕೇಳಿದರು.

ಆ ಮೊದಲ ಗಿರಾಕಿಯ ಉದ್ದ ಉಗುರು ಕತ್ತರಿಸುವಾಗ ನನಗೇ ಅಯ್ಯೋ ಅನ್ನಿಸಿತು. ಅವಳಿಗೆ ಮಾತ್ರ ಏನೂ ಅನ್ನಿಸಲಿಲ್ಲ.

"ಓಗ್ಲಿ ಬಿಡಕ್ಕಾ. ಓದ್ವಾರ ಈ ಉಗುರಲ್ಲೇ ಮುದ್ದೆ ಕಟ್ಟಿದೆ. ಮುದ್ದೆ ಮೇಲೆ ಉಗುರ ಗುರುತು ನೋಡಿ ನಮ್ಮತ್ತೆ ಎದ್ರುಬಿಟ್ರು. ಬೆಕ್ಕು ಪರಚೈತೆ ಅಂತ ಬೀದಿಗೆಸೆದ್ರು."

"ನಿಮ್ಮನೇಲಿ ಬೆಕ್ಕಿದೆಯಾ?"

"ಎಲ್ಲೈತೆ? ಅತ್ತೆ ಇವತ್ಗೂ ಕೋಲಿಡ್ಕೊಂಡು ಉಡುಕ್ತಾನೇ ಅವ್ರೆ."

ಎಮ್ಮೆಯ ಆಕ್ಷೇಪಣೆ

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಸೀರೆ ಕೊಳ್ಳಲು ಬಂದಿದ್ದ ಒಬ್ಬ ಹೆಣ್ಣುಮಗಳು ಕೆಂಪು ಬಣ್ಣದ ಮೇಲೆ ಬಿಳಿ ಅಕ್ಕಿ ಕಾಳು ಹಾಕಿಸಿಕೊಂಡು ಖುಷಿಯಾಗಿ ಹೋದಳು. ಎರಡು ದಿನ ಬಿಟ್ಟು ಮೊದಲ ಬಸ್ಸಿಗೇ ಅವಳ ಅತ್ತೆ ಇಳಿದರು. ಜಗಲಿ ಹತ್ತುವ ಮೊದಲೇ ಶುರು.

"ಯಾರಮ್ಮಾ ಅವ್ಳು, ನನ್ ಸೊಸೆ ಕೈ ಕೆಡಿಸ್ದೋಳು?"

ನಾನು ಏನಾಯಿತು ಅಂದೆ.

"ಏನಾಗ್ಬೇಕು? ಎಲ್ಡು ದಿನದಿಂದ ಎಮ್ಮೆ ಆಲಿಳಿಸ್ತಿಲ್ಲ! ಕೆಂಪು ಬೆರಳು ಕೆಚ್ಚಲತ್ರ ಓದ್ರೆ ಸಾಕು, ಬೆದರಿ ಜಾಡಿಸಿ ಒದೀತೈತೆ. ಡೈರಿಯೋನು ನನ್ ಖಾಲಿ ಕ್ಯಾನು ನೋಡಿ, ಏನಜ್ಜಿ, ಎಮ್ಮೆ ಮಾರ್ಬುಟ್ರಾ ಅಂತ ಕೇಳ್ತಾನೆ!"

"ಸೊಸೆಯನ್ನ ಕಳಿಸಿ, ಅಳಿಸಿಕೊಡ್ತೀನಿ."

"ಅವ್ಳು ಅಳಿಸ್ಕೊಳ್ಳಾಕಿಲ್ಲ ಅಂತಾಳೆ. ಎಮ್ಮೆ ಬೇಕಾದ್ರೆ ಕಣ್ಮುಚ್ಕೊಳ್ಳಿ ಅಂತಾಳೆ!"

ಜಗಲಿಯ ಕಂಬಕ್ಕೆ ಒರಗಿ ಓನರಮ್ಮ ಕೂತಿದ್ದರು. ಸೆರಗಿನ ತುದಿ ಎಳೆದುಕೊಂಡು, ಬಿಗಿಯಾಗಿ ಗಂಟು ಹಾಕಿ, ಹಲ್ಲಿನಿಂದ ಒಮ್ಮೆ ಜಗ್ಗಿ ನೋಡಿದರು. "ಒಂದು."

ತಿಂಗಳಾಯಿತು. ಅದೇ ಅತ್ತೆ ಮತ್ತೆ ಬಸ್ಸಿಳಿದು ಬರುವುದು ಕಂಡಿತು. ಎರಡನೆಯ ಗಂಟು ಖಂಡಿತ ಅಂದುಕೊಂಡೆ. ಆಕೆ ನೇರ ಒಳಗೆ ಬಂದು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಸಗಣಿ ಬಾಚಿ ಬಾಚಿ ಬಿರಿದ ಎರಡೂ ಕೈ ಚಾಚಿದರು.

"ನಂಗೂ ಇಕ್ಕು. ಕೆಂಪು, ಮೇಲೆ ಬಿಳೀ ಅಕ್ಕಿ ಕಾಳು. ಅದೇ ಆಗ್ಬೇಕು, ಒಂದು ಕಾಳೂ ಎಚ್ಚುಕಮ್ಮಿ ಆಗಬಾರ್ದು."

ಎಮ್ಮೆಗೆ ವಾರದಲ್ಲೇ ಕೆಂಪು ಬೆರಳು ಒಗ್ಗಿಹೋಗಿತ್ತಂತೆ. ಈಗ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಅತ್ತೆಯ ಬೋಳು ಬೆರಳು ಕಂಡರೆ ಎಮ್ಮೆ ಯಾರೋ ಕಳ್ಳಿ ಬಂದಳು ಅಂತ ಒದೆಯುತ್ತದೆ.

"ಈ ವಯಸ್ಸಲ್ಲಿ ಶೋಕಿ ಅಂತ ಊರೋರು ನಗಲ್ವಾ ಅಜ್ಜಿ?"

"ನಗ್ಲಿ. ನಾನು ಆಕ್ಕೊಂತಿರೋದು ನಂಗಾ? ಎಮ್ಮೆಗೆ."

ಆಕೆ ಹೋದ ಮೇಲೆ ಓನರಮ್ಮನ ಬಳಿ ಓಡಿದೆ. ದೂರು ಕೊಟ್ಟವರೇ ಬಂದು ಬಣ್ಣ ಹಾಕಿಸಿಕೊಂಡರಲ್ಲ, ಗಂಟು ಬಿಚ್ಚಿ ಅಂದೆ.

"ಕಂಪ್ಲೇಂಟ್ ಕೊಟ್ಟಿದ್ದು ಎಮ್ಮೆ. ಅದೇ ಬಂದು ಏಳ್ಲಿ, ಬಿಚ್ತೀನಿ."

ಹತ್ತು ಓಟು

ಓಟಿನ ದಿನ ಪಾರ್ಲರ್ ಮುಚ್ಚಿ, ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್. "ಉಗುರಿಗೆ ಬಣ್ಣ ಬಳಿಯೋರು ನೀವೇನಾ? ಬಣ್ಣ ತೆಗೆಯೋ ಬಾಟ್ಲಿ ತಗೊಂಡು ಬೂತಿಗೆ ಬರಬೇಕಂತೆ."

ಓನರಮ್ಮನ ಕಿಟಕಿ ಧಡ್ ಅಂತ ತೆರೆದುಕೊಂಡಿತು.

ಬೂತು ಒಂದು ಶಾಲೆಯಲ್ಲಿತ್ತು. ಅಲ್ಲಿ ನನ್ನ ಗಿರಾಕಿ ಒಬ್ಬಳು, ಟೈಪಿಂಗ್ ಕಲಿಯುವ ಹುಡುಗಿ, ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅವಳ ಜೀವನದ ಮೊದಲ ಓಟು. ಅದಕ್ಕೆಂದೇ ಹಿಂದಿನ ದಿನ ಬಂದು ಕುಂಬಳ ಬೀಜದ ಆಕಾರ ಮಾಡಿಸಿಕೊಂಡು, ಪ್ರತಿ ಉಗುರಿಗೂ ಕಪ್ಪುನೇರಳೆ ಬಣ್ಣದಲ್ಲಿ ಒಂಟಿ ಗೆರೆ ಎಳೆಸಿಕೊಂಡಿದ್ದಳು. ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಬೂತಿನ ಅಧಿಕಾರಿ ಅವಳ ಎಡಗೈ ತೋರುಬೆರಳು ನೋಡಿ, "ಆಗಲೇ ಹಾಕಿದೀಯಲ್ಲಮ್ಮ" ಅಂದರಂತೆ.

"ಇಲ್ಲ ಸಾರ್, ಇದು ಪಾರ್ಲರಲ್ಲಿ ಹಾಕಿದ್ದು."

"ಪಾರ್ಲರಲ್ಲೂ ಬೂತ್ ಮಾಡಿದಾರಾ?"

ಆಮೇಲೆ ಉಳಿದ ಬೆರಳು ನೋಡಿ ಎದ್ದು ನಿಂತೇಬಿಟ್ಟರಂತೆ. "ಅಯ್ಯಯ್ಯೋ! ಹತ್ತಕ್ಕೂ ಇದೆ! ಹತ್ತು ಓಟಾ?"

ಎರಡು ಪಕ್ಷದ ಏಜೆಂಟರೂ ಬೆಳಗಿನಿಂದ ಕಚ್ಚಾಡುತ್ತಿದ್ದವರು, ಆ ಹತ್ತೂ ಓಟು ಎದುರು ಪಕ್ಷಕ್ಕೇ ಬಿದ್ದಿದೆ ಅಂತ ಇಬ್ಬರೂ ಒಟ್ಟಿಗೆ ಕೂಗಾಡಿದರಂತೆ.

ನಾನು ಬಣ್ಣ ತೆಗೆಯುವ ಬಾಟಲಿ ಬಿಚ್ಚಿ, ಹತ್ತಿ ಅದ್ದಿ, ಅವಳ ತೋರುಬೆರಳು ಒರೆಸಿದೆ. ಗೆರೆ ಮಾಯ. ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಪಟ್ಟಿ ನೋಡಿದರು, ಅವಳ ಹೆಸರಿಗೆ ಗುರುತು ಬಿದ್ದಿರಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡು ಮೊದಲ ಓಟು ಹಾಕಿದಳು.

ನಾನು ಗೇಟು ದಾಟುವಷ್ಟರಲ್ಲಿ ಒಬ್ಬ ಏಜೆಂಟ್ ಹಿಂದೆಯೇ ಬಂದು ಪಿಸುಗುಟ್ಟಿದ. "ಅಕ್ಕಾ, ಆ ಬಾಟ್ಲಿ ಎಷ್ಟು ಸಿಗುತ್ತೆ? ಇವತ್ತೇ ಬೇಕಿತ್ತು." ಅವನನ್ನು ಬೈದು ಬೀದಿಯ ತಿರುವಿಗೆ ಬಂದರೆ ಇನ್ನೊಂದು ಪಕ್ಷದವನು ಮರದ ಹಿಂದಿನಿಂದ ಬಂದ. "ಅವ್ನು ಎಷ್ಟು ಬಾಟ್ಲಿ ಕೇಳ್ದ? ನಂಗೆ ಅದರ ಡಬ್ಬಲ್."

ಮನೆಗೆ ಬಂದರೆ ಸೆರಗಿನಲ್ಲಿ ಎರಡು ಗಂಟು.

"ಪೊಲೀಸು ಬಂದ್ರೆ ಒಂದಕ್ಕೆ ಎಲ್ಡು ಆಕ್ಬೇಕು" ಅಂದರು ಓನರಮ್ಮ. "ನಿಮ್ಮಮ್ಮನ ಮುಖ ನೋಡಿ ಒಂದೇ ಆಕಿದೀನಿ."

ಬಿದಿಗೆ ಚಂದ್ರ

ಆಮೇಲೆ ನಾನು ಹೆದರಿ ಹೆದರಿ ಬದುಕಿದೆ. ಮೈಬಣ್ಣದ ಪಾಲಿಶ್ ಬಿಟ್ಟು ಬೇರೆ ಹಚ್ಚಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಮನೆ ಬಿಟ್ಟವಳು ನಾನು. ಬೇಜಾರಾದ ದಿನವೇ ಪೆಟ್ಟಿಗೆ ಕಟ್ಟಿದವಳು. ಈಗ ಅಮ್ಮ ಗೋಡೆ, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡಲು ಶುರು ಮಾಡಿದ್ದಳು. ಪರದೆಯ ಆಚೆಯಿಂದ ದಿನಾ ಒಂದೇ ಪ್ರಶ್ನೆ: "ಇನ್ನೂ ಎರಡೇ ತಾನೇ ಗಂಟು?"

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮೂವರು ಜಗಲಿ ಹತ್ತಿದರು. ಮುಂದೆ ಖಾಕಿಯ ಗಣಿ ಕಾವಲಿನ ಹಿರಿಯ. ನಡುವೆ ಒಬ್ಬ ಗಂಡಸು, ಅವನ ಕಿರುಬೆರಳಿಗೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದರು. ಹಿಂದೆ ಅಳುತ್ತಾ ಊರಿಗಾಂನ ನನ್ನ ಮೊದಲ ಗಿರಾಕಿ. ಖಾಕಿ ಕಂಡದ್ದೇ ಪಾರ್ಲರಲ್ಲಿದ್ದ ಇಬ್ಬರು ಹೆಂಗಸರು ಅರ್ಧ ಬಣ್ಣದಲ್ಲೇ ಓಡಿದರು.

ಆದದ್ದು ಇಷ್ಟು. ಅವಳು ನನ್ನಲ್ಲಿದ್ದ ಬಂಗಾರದ ಬಣ್ಣದ ಸಣ್ಣ ಬಾಟಲಿ ಕೊಂಡಿದ್ದಳು. ಬಿದಿಗೆ ಚಂದ್ರ ತಾನೇ ಬರೆದುಕೊಳ್ಳುವ ಆಸೆ. ಕೈ ಪಳಗಲಿ ಅಂತ ರಾತ್ರಿಪಾಳಿ ಮುಗಿಸಿ ಹಗಲು ಮಲಗಿದ್ದ ಗಂಡನ ಕಿರುಬೆರಳಿಗೆ ಒಂದು ಬರೆದು ನೋಡಿದಳು. ಅಳಿಸುವುದು ಮರೆತಳು. ಅವನು ಎದ್ದವನೇ ಉಂಡು ಮತ್ತೆ ಪಾಳಿಗೆ ಹೋದ. ಬೆಳಿಗ್ಗೆ ಮೇಲೆ ಬಂದು ಕೈ ತೊಳೆದು ಗೇಟಿನಲ್ಲಿ ಚಾಚಿದಾಗ, ಉಗುರ ತುದಿಯಲ್ಲಿ ಫಳ್ಳನೆ ಚಿನ್ನ!

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅವನೇ. ಹನ್ನೆರಡು ವರ್ಷ ಭೂಮಿಯೊಳಗೆ ಇಳಿದು ಕಲ್ಲು ಬಿಟ್ಟು ಬೇರೇನೂ ಕಾಣದವನು. "ನನ್ ಬೆರಳಲ್ಲೇ ಬೆಳ್ಕೊಂಡೈತೆ ಅಂದ್ಕೊಂಡೆ ಅಕ್ಕಾ" ಅಂದ.

ಕಾವಲಿನವನು ಓನರಮ್ಮನನ್ನು ಕಂಡು ಕೈಮುಗಿದ. ಅವರ ಯಜಮಾನರ ಕೈಕೆಳಗೆ ಕೆಲಸ ಕಲಿತವನಂತೆ. "ಅಕ್ಕಾ, ಇದು ಬಣ್ಣ ಅಂತಾಳೆ ಇವ್ನ ಹೆಂಡ್ತಿ. ನನ್ ಕಣ್ಮುಂದೆ ಬೇರೆ ಯಾರ ಕೈಗಾದ್ರೂ ಹಚ್ಚಿ ತೋರಿಸ್ಲಿ. ಇಲ್ಲಾಂದ್ರೆ ಇವ್ನ ಕೆಲಸ ಹೋಗ್ತದೆ."

ನನ್ನ ಕೈ ಬೇಡ, ನಾನು ಮಾರಿದವಳು. ಅವಳ ಕೈ ಬೇಡ, ಅವಳು ಹೆಂಡತಿ. ಅಮ್ಮ ಪರದೆಯ ಆಚೆ. ಉಳಿದವರು ಸೆರಗಿನ ತುದಿ ಬೆರಳಲ್ಲಿ ಹಿಡಿದು ಸಿದ್ಧವಾಗಿ ಕೂತಿದ್ದ ಓನರಮ್ಮ.

"ನೀವೇ ಕೈ ಕೊಡಿ ಅಕ್ಕಾ. ಅಣ್ಣನ ಹೆಂಡ್ತಿ ಸಾಕ್ಷಿ ಅಂದ್ರೆ ಗಟ್ಟಿ" ಅಂದ ಕಾವಲಿನವನು.

"ನನ್ ಕೈಯಾ? ಬಳೆ ತೆಗ್ದು ಎಂಟು ವರ್ಷ ಆಯ್ತು ಕಣೋ!"

ಓನರಮ್ಮ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ನಿಧಾನಕ್ಕೆ ಲೆಕ್ಕ ಹಾಕಿದರು. "ಬಳೆ ಬೇಡ ಅಂದ್ರು, ಬಿಟ್ಟೆ. ಊವು ಬೇಡ ಅಂದ್ರು, ಬಿಟ್ಟೆ. ಉಗುರಿನ ವಿಸ್ಯ ಯಾರೂ ಏನೂ ಏಳಿಲ್ವಲ್ಲ?"

"ನಂಗೂ ಹೇಳಿಲ್ಲ" ಅಂತ ಪರದೆಯ ಆಚೆಯಿಂದ ಅಮ್ಮ ಅಂದಳು. ಅವಳೂ ಗಂಡ ಸತ್ತವಳೇ.

ಓನರಮ್ಮ ಎಡಗೈ ಚಾಚಿದರು. ನಾನು ಉಗುರು ಸವೆಸಿ ಕುಂಬಳ ಬೀಜ ಮಾಡಿ, ಮೈಬಣ್ಣ ಹಚ್ಚಿ, ಆ ಹೆಂಡತಿ ತಂದಿದ್ದ ಅದೇ ಬಾಟಲಿಯಿಂದ ತುದಿಗೆ ಬಂಗಾರದ ಬಿದಿಗೆ ಚಂದ್ರ ಎಳೆದೆ, ಐದಕ್ಕೆ ಐದು. ಕಾವಲಿನವನು ಮುದ್ರೆ ಒಡೆದು, ಎರಡೂ ಬೆರಳು ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ಆ ಗಂಡನ ಬೆರಳನ್ನು ಹತ್ತಿಯಿಂದ ಒರೆಸಿದೆ. ಹನ್ನೆರಡು ವರ್ಷದಲ್ಲಿ ಅವನು ಕಂಡಿದ್ದ ಏಕೈಕ ಚಿನ್ನ ಹತ್ತಿಯಲ್ಲಿ ಕರಗಿಹೋಯಿತು. ಕೆಲಸ ಉಳಿಯಿತು. ಹೆಂಡತಿ ಅತ್ತು, ನಕ್ಕು, ಗಂಡನ ಬೆನ್ನಿಗೆ ಒಂದು ಗುದ್ದಿದಳು.

ನಾನು ಉಸಿರು ಬಿಡುವಷ್ಟರಲ್ಲಿ ಕಾವಲಿನವನು ಹೊಸ್ತಿಲಲ್ಲಿ ನಿಂತು ತಿರುಗಿದ.

"ಆದ್ರೂ ನಂದೊಂದು ಕಂಪ್ಲೇಂಟು. ಗಣಿ ಊರಲ್ಲಿ ಬಂಗಾರದ ಬಣ್ಣ ಮಾರ್ಬಾರ್ದು."

ಹೇಳಿಬಿಟ್ಟ. ಕಂಪ್ಲೇಂಟು ಅನ್ನುವ ಮಾತನ್ನೇ ಹೇಳಿಬಿಟ್ಟ.

ಓನರಮ್ಮನ ಬಲಗೈ ತಾನಾಗಿಯೇ ಸೆರಗಿನ ತುದಿಗೆ ಹೋಯಿತು. ಪರದೆಯ ಆಚೆ ಅಮ್ಮನ ಊರುಗೋಲು ಕೆಳಗೆ ಬಿತ್ತು. ಬಲಗೈ ಸೆರಗು ಹಿಡಿದು ಎಡಗೈಗೆ ಕಾಯಿತು. ಎಡಗೈ ಹತ್ತಿರ ಬಂತು. ನಡುವೆ ನಿಂತಿತು. ಐದು ಹಸಿ ಚಂದ್ರಗಳು ಸೆರಗಿನಿಂದ ಎರಡು ಅಂಗುಲ ದೂರದಲ್ಲಿ ಹೊಳೆದವು.

"ಇದು ಒಣಗಾಕೆ ಎಷ್ಟೊತ್ತು?" ಅಂದರು.

"ಕಾಲು ಗಂಟೆ."

ಓನರಮ್ಮ ಸೆರಗು ಬಿಟ್ಟು ಬಲಗೈಯನ್ನೂ ನನ್ನ ಮೇಜಿನ ಮೇಲಿಟ್ಟರು. "ಅಲ್ಲೀಗಂಟ ಸುಮ್ನೆ ಯಾಕೆ ಕೂರೋದು? ಇದಕ್ಕೂ ಇಕ್ಕು."

ಆ ಮನೆಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ಅಮ್ಮ ಊರುಗೋಲು ಬಿಟ್ಟು ನಡೆದಳು. ಆಗಾಗ ತಡೆಯಲಾರದೆ ಕೇಳುತ್ತಿದ್ದೆ, ಆ ಮೂರನೆಯ ಗಂಟು ಏನಾಯಿತು ಅಂತ. ಓನರಮ್ಮ ಜಗಲಿಯ ಮೇಲೆ ಕೂತು ಹತ್ತೂ ಬೆರಳನ್ನು ಗಾಳಿಗೆ ಹಿಡಿದು, ಫೂ ಫೂ ಅಂತ ಊದಿಕೊಂಡು ಹೇಳುತ್ತಿದ್ದರು:

"ಇರಮ್ಮಾ, ಇನ್ನೂ ಒಣಗಿಲ್ಲ."